ಪಾದ ಊರುವ ರೀತಿ, ಚಪ್ಪಲಿ ಮತ್ತು ಮೂತ್ರ ಸೋರಿಕೆ: ಹಂತ ಹಂತವಾಗಿ ಏನು ಮಾಡಬೇಕು

ಕೆಮ್ಮಿದಾಗ, ಸೀನಿದಾಗ, ತುಂಬಿದ ಬಿಂದಿಗೆ ಎತ್ತಿದಾಗ ಅಥವಾ ಬಸ್ಸಿನ ಎತ್ತರದ ಮೆಟ್ಟಿಲಿನಿಂದ ನೆಲಕ್ಕೆ ಕಾಲಿಡುವಾಗ ತಿಳಿಯದೆಯೇ ನಾಲ್ಕು ಹನಿ ಮೂತ್ರ ಸೋರುವುದು ಎಷ್ಟೋ ಹೆಂಗಸರ ದಿನನಿತ್ಯದ ಅನುಭವವಾಗಿದ್ದರೂ, ಅದನ್ನು ಬಾಯಿಬಿಟ್ಟು ಹೇಳಿಕೊಳ್ಳುವವರು ಕಡಿಮೆ. ಹೇಳಿಕೊಂಡರೂ ‘ಎರಡು ಹೆರಿಗೆಯಾದ ಮೇಲೆ ಇದೆಲ್ಲ ಇದ್ದದ್ದೇ’ ಎಂಬ ಉತ್ತರ ಸಿಗುತ್ತದೆ. ಈ ತೊಂದರೆ ಸಾಮಾನ್ಯ ಎಂಬುದು ನಿಜ; ಸಹಿಸಿಕೊಂಡೇ ಇರಬೇಕು ಎಂಬುದು ನಿಜವಲ್ಲ. ಸರಿಯಾಗಿ ಕಲಿತು, ತಪ್ಪದೆ ಮಾಡಿದ ವ್ಯಾಯಾಮದಿಂದಲೇ ಬಹಳ ಮಂದಿಗೆ ಸೋರಿಕೆ ಕಡಿಮೆಯಾಗುತ್ತದೆ, ಕೆಲವರಿಗೆ ಪೂರ್ತಿ ನಿಲ್ಲುತ್ತದೆ.

ಆ ವ್ಯಾಯಾಮದ ಮಾತು ಬಂದಾಗ ಎಲ್ಲರ ಗಮನವೂ ಕಿಬ್ಬೊಟ್ಟೆಯ ಕೆಳಭಾಗಕ್ಕೆ ಹೋಗುತ್ತದೆ, ಪಾದಗಳ ಕಡೆಗೆ ಹೋಗುವುದಿಲ್ಲ. ಇನ್ನೊಂದೆಡೆ, ಚಪ್ಪಲಿ ಬದಲಾಯಿಸಿದರೆ ಸಾಕು, ಒಳಗೊಂದು ಮೆತ್ತೆ ಇಟ್ಟರೆ ಸಾಕು, ಎಲ್ಲವೂ ಸರಿಹೋಗುತ್ತದೆ ಎಂಬ ಪ್ರಚಾರವೂ ಇದೆ. ಎರಡೂ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಚಪ್ಪಲಿ ಔಷಧವಲ್ಲ. ಆದರೆ ಶೌಚಾಲಯದಲ್ಲಿ ಕೂತಾಗ, ವ್ಯಾಯಾಮ ಮಾಡುವಾಗ ಮತ್ತು ನೆಲಕ್ಕೆ ಜೋರಾಗಿ ಹೆಜ್ಜೆ ಬೀಳುವಾಗ ಪಾದ ಹೇಗೆ ಊರಿರುತ್ತದೆ ಎಂಬುದು ಲೆಕ್ಕಕ್ಕೆ ಬರುತ್ತದೆ, ಅದೂ ಇದೇ ಪ್ರಾಮುಖ್ಯದ ಕ್ರಮದಲ್ಲಿ. ಹೊಸ ಪಾದರಕ್ಷೆಗೆ ದುಡ್ಡು ಸುರಿಯುವ ಮೊದಲು ಖರ್ಚಿಲ್ಲದ ಆ ಮೊದಲೆರಡನ್ನು ಸರಿಪಡಿಸಿಕೊಳ್ಳುವುದು ಒಳ್ಳೆಯದು.

ಪಾದಕ್ಕೂ ಮೂತ್ರಕೋಶಕ್ಕೂ ಎಲ್ಲಿಯ ಸಂಬಂಧ?

ವೈದ್ಯರು ಪೆಲ್ವಿಕ್ ಫ್ಲೋರ್ ಎಂದು ಕರೆಯುವ ಶ್ರೋಣಿತಳದ ಸ್ನಾಯುಗಳು ಮುಂದೆ ಜನನಾಂಗದ ಮೇಲಿನ ಮೂಳೆಯಿಂದ ಹಿಂದೆ ಬಾಲಮೂಳೆಯವರೆಗೆ ಜೋಲಿಯಂತೆ ಹರಡಿಕೊಂಡು ಮೂತ್ರಕೋಶ, ಗರ್ಭಕೋಶ ಮತ್ತು ಗುದನಾಳಗಳನ್ನು ಕೆಳಗಿನಿಂದ ಹೊತ್ತಿರುತ್ತವೆ. ಹೊಟ್ಟೆಯೊಳಗೆ ಒತ್ತಡ ಹೆಚ್ಚಾದ ಕ್ಷಣದಲ್ಲಿ ಇವು ಬಿಗಿಯಾಗಿ ಮೂತ್ರನಾಳವನ್ನು ಮುಚ್ಚಿಹಿಡಿಯಬೇಕು. ಈ ಸ್ನಾಯುಗಳ ಪಕ್ಕದ ಅಂಚು ತೊಡೆಯ ಕೀಲನ್ನು ಹೊರಕ್ಕೆ ತಿರುಗಿಸುವ ಒಂದು ಸ್ನಾಯುವಿನ ಹೊದಿಕೆಗೇ ಅಂಟಿಕೊಂಡಿದೆ. ಆದ್ದರಿಂದ ಪಾದವನ್ನು ಹೊರಕ್ಕೋ ಒಳಕ್ಕೋ ತಿರುಗಿಸಿ ನಿಂತಾಗ ತೊಡೆ ತಿರುಗುತ್ತದೆ, ತೊಡೆಯ ಜೊತೆಗೆ ಈ ನೆರೆಯ ಸ್ನಾಯುವಿನ ಎಳೆತವೂ ಬದಲಾಗುತ್ತದೆ. ಪ್ರಯೋಗಾಲಯದಲ್ಲಿ ಪಾದಗಳ ಕೆಳಗೆ ಓರೆ ಹಲಗೆಗಳನ್ನಿಟ್ಟು ಅಂಗಾಲು ಒಳಬದಿಗೆ ವಾಲುವಂತೆ ಮಾಡಿದಾಗ ಸೊಂಟದ ಮೂಳೆ ತುಸು ಮುಂದಕ್ಕೆ ಬಾಗುವುದೂ ಕಂಡುಬಂದಿದೆ.

ಇನ್ನೊಂದು ನಂಟು ನರಗಳದ್ದು. ಕಾಲಿನ ಒಳಗಿಣ್ಣಿನ ಹಿಂದೆ ಹಾದು ಅಂಗಾಲಿಗೆ ಹೋಗುವ ಟಿಬಿಯಲ್ ನರವೂ ಮೂತ್ರಕೋಶವನ್ನು ನಿಯಂತ್ರಿಸುವ ನರಗಳೂ ಬೆನ್ನುಹುರಿಯ ತಳದಲ್ಲಿ ಕೆಲವು ಬೇರುಗಳನ್ನು ಹಂಚಿಕೊಂಡಿವೆ. ತಡೆಯಲಾರದ ಅವಸರದಿಂದ ಮೂತ್ರ ಹೋಗುವವರಿಗೆ ಇದೇ ಜಾಗದಲ್ಲಿ ಸಣ್ಣ ಸೂಜಿಯ ಮೂಲಕ ಲಘು ವಿದ್ಯುತ್ ಹಾಯಿಸುವ ಚಿಕಿತ್ಸೆಯನ್ನು ವಾರಕ್ಕೊಮ್ಮೆ ಅರ್ಧ ಗಂಟೆಯಂತೆ 12 ವಾರ ಕೊಡುವ ಪದ್ಧತಿ ಇದೆ. ಕಾಲಿನಲ್ಲಿ ಚಿಕಿತ್ಸೆ, ಫಲ ಮೂತ್ರಕೋಶದಲ್ಲಿ!

ಹೈ ಹೀಲ್ಸ್ ಬಗ್ಗೆ ಸಂಶೋಧನೆ ಏನು ಹೇಳುತ್ತದೆ?

ತೈವಾನಿನ ಸಂಶೋಧಕರು 2005ರಲ್ಲಿ, ಕೆಮ್ಮಿದಾಗ ಮೂತ್ರ ಸೋರುವ ತೊಂದರೆಯಿದ್ದ ಮಹಿಳೆಯರನ್ನು ಬೇರೆ ಬೇರೆ ರೀತಿಯಲ್ಲಿ ಪಾದ ಊರಿಸಿ ನಿಲ್ಲಿಸಿ, ಶ್ರೋಣಿತಳದ ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ಅಳೆದು ಪ್ರಕಟಿಸಿದರು. ಹಿಮ್ಮಡಿ ಮೇಲೆದ್ದ ಭಂಗಿಗಿಂತ ಪಾದದ ಮುಂಭಾಗ ಮೇಲೆದ್ದ ಭಂಗಿಯಲ್ಲಿ ಸ್ನಾಯುಗಳ ಚಟುವಟಿಕೆ ಹೆಚ್ಚಾಗಿತ್ತು. ಮೂರು ವರ್ಷಗಳ ನಂತರ ಇಟಲಿಯ ವೆರೋನಾದ ತಂಡವೂ ಇಂಥದೇ ಅಳತೆ ಮಾಡಿತು: ಹಿಮ್ಮಡಿ ಸುಮಾರು 15 ಡಿಗ್ರಿ ಮೇಲಿದ್ದಾಗ ವಿಶ್ರಾಂತಿಯಲ್ಲಿರುವ ಸ್ನಾಯುಗಳ ಚಟುವಟಿಕೆ ತಗ್ಗಿತು. ಅಂದರೆ ಎರಡೂ ಕಡೆ ಕಂಡದ್ದು ಹೆಚ್ಚುಕಡಿಮೆ ಒಂದೇ ದಿಕ್ಕಿನ ಬದಲಾವಣೆ. ಆದರೆ ವೆರೋನಾದ ತಂಡ ಅದನ್ನು ಸ್ನಾಯುಗಳು ಸಡಿಲಗೊಳ್ಳುವ ಒಳ್ಳೆಯ ಲಕ್ಷಣವೆಂದು ಅರ್ಥೈಸಿದ್ದರಿಂದ, 2008ರಲ್ಲಿ ಜಗತ್ತಿನ ಪತ್ರಿಕೆಗಳಲ್ಲಿ ‘ಹೈ ಹೀಲ್ಸ್ ಹೆಂಗಸರ ಆರೋಗ್ಯಕ್ಕೆ ಒಳ್ಳೆಯದು’ ಎಂಬ ಸುದ್ದಿಗಳು ಬಂದವು.

ಇಲ್ಲಿ ಓದುಗರು ಗಮನಿಸಬೇಕಾದ್ದು ಒಂದಿದೆ. ಕೆಲವೇ ಕ್ಷಣ ನಿಲ್ಲಿಸಿ ಅಳೆದ ಸ್ನಾಯುವಿನ ಚಟುವಟಿಕೆ ಬೇರೆ, ತಿಂಗಳುಗಟ್ಟಲೆ ಒಂದು ಚಪ್ಪಲಿ ಹಾಕಿ ನಡೆದಾಗ ಸೋರಿಕೆ ಕಡಿಮೆಯಾಯಿತೇ ಎಂಬುದು ಬೇರೆ. ಮೊದಲನೆಯದರಿಂದ ಎರಡನೆಯದಕ್ಕೆ ಹಾರುವಂತಿಲ್ಲ. ಎತ್ತರದ ಹೀಲ್ಸ್ ಹಾಕಿದ ತಕ್ಷಣ ಎಲ್ಲರ ಸೊಂಟವೂ ಒಂದೇ ರೀತಿಯಲ್ಲಿ ಬಾಗುವುದಿಲ್ಲ. ಕೆಲವರು ಮಂಡಿಯನ್ನು, ಕೆಲವರು ಬೆನ್ನನ್ನು ಹೊಂದಿಸಿಕೊಂಡು ಸಮತೋಲ ಕಾಯ್ದುಕೊಳ್ಳುತ್ತಾರೆ. ಹಾಗಾಗಿ ಮದುವೆ ಮನೆಗೆ ಒಂದು ದಿನ ಹೀಲ್ಸ್ ಹಾಕಿದ್ದಕ್ಕೆ ಹೆದರಬೇಕಿಲ್ಲ. ಹೀಲ್ಸ್ ಹಾಕಿದರೆ ಸೋರಿಕೆ ನಿಲ್ಲುತ್ತದೆಂದು ನಂಬಬೇಕಾಗಿಯೂ ಇಲ್ಲ.

ಮೊದಲ ಹೆಜ್ಜೆ: ಮೂರು ದಿನ ಬರೆದಿಡಿ

ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಮೂರು ದಿನ, ಯಾವ ಹೊತ್ತಿಗೆ ಎಷ್ಟು ನೀರು, ಕಾಫಿ, ಚಹಾ ಕುಡಿದಿರಿ, ಎಷ್ಟು ಸಲ ಮೂತ್ರಕ್ಕೆ ಹೋದಿರಿ, ಯಾವಾಗ ಸೋರಿತು ಎಂದು ಬರೆಯಿರಿ. ಇದರ ಜೊತೆಗೆ ಇನ್ನೆರಡು ಅಂಶ ಸೇರಿಸಿ: ಸೋರಿದಾಗ ಏನು ಮಾಡುತ್ತಿದ್ದಿರಿ, ಕಾಲಲ್ಲಿ ಏನಿತ್ತು. ಕೆಮ್ಮು, ಸೀನು, ನಗು, ಭಾರ ಎತ್ತುವಿಕೆ, ಓಟ ಇವುಗಳ ಜೊತೆ ಸೋರಿದರೆ ಅದು ಒತ್ತಡದ ಸೋರಿಕೆ. ಇದ್ದಕ್ಕಿದ್ದಂತೆ ತಡೆಯಲಾಗದ ಅವಸರವಾಗಿ, ಬಾಗಿಲ ಚಿಲಕ ತೆಗೆಯುವಷ್ಟರಲ್ಲಿ ಹೋದರೆ ಅದು ಅವಸರದ ಸೋರಿಕೆ. ಎರಡೂ ಒಟ್ಟಿಗೆ ಇರುವವರೂ ಇದ್ದಾರೆ. ಮುಂದಿನ ಹೆಜ್ಜೆಗಳಲ್ಲಿ ಯಾವುದಕ್ಕೆ ಹೆಚ್ಚು ಗಮನ ಕೊಡಬೇಕೆಂಬುದು ಈ ಬರಹದಿಂದಲೇ ತಿಳಿಯುತ್ತದೆ.

ಎರಡನೆಯ ಹೆಜ್ಜೆ: ಶೌಚಾಲಯದಲ್ಲಿ ಪಾದಕ್ಕೆ ಆಸರೆ ಕೊಡಿ

ಮಲಬದ್ಧತೆಯಿಂದ ದಿನವೂ ತಿಣುಕುವುದು ಶ್ರೋಣಿತಳದ ಸ್ನಾಯುಗಳಿಗೆ ದೊಡ್ಡ ಶತ್ರು. ಗುದನಾಳದ ಹಿಂದಿನಿಂದ ಒಂದು ಸ್ನಾಯು ಕುಣಿಕೆಯಂತೆ ಬಳಸಿಕೊಂಡು ಆ ದಾರಿಯನ್ನು ಮುಂದಕ್ಕೆ ಎಳೆದು ಬಾಗಿಸಿ ಹಿಡಿದಿರುತ್ತದೆ. ಕುಕ್ಕರಗಾಲಿನಲ್ಲಿ ಕೂತಾಗ ಆ ಬಾಗು ನೇರವಾಗುತ್ತದೆ, ಮಲ ಸುಲಭವಾಗಿ ಇಳಿಯುತ್ತದೆ. ಕುರ್ಚಿಯಂತೆ ಕೂರುವ ಕಮೋಡ್‌ನಲ್ಲಿ ಅದು ಅಷ್ಟು ನೇರವಾಗುವುದಿಲ್ಲ. ಮಂಡಿನೋವಿನಿಂದಾಗಿ ನೆಲಮಟ್ಟದ ಶೌಚಾಲಯವನ್ನು ಬಿಟ್ಟು ಎತ್ತರದ ಕಮೋಡ್‌ಗೆ ಬದಲಾದ ಎಷ್ಟೋ ಹಿರಿಯ ಹೆಂಗಸರಿಗೆ ಆಮೇಲೆ ಮಲಬದ್ಧತೆ ಕಾಡುವುದಕ್ಕೆ ಇದೂ ಒಂದು ಕಾರಣ ಇರಬಹುದು. ಐದಡಿಗಿಂತ ಕಡಿಮೆ ಎತ್ತರದ ನನ್ನ ಚಿಕ್ಕಮ್ಮ ಹೊಸ ಮನೆಯ ಕಮೋಡ್ ಮೇಲೆ ಕೂತರೆ ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ಬೆರಳ ತುದಿ ಮಾತ್ರ ಊರಿ, ತೊಡೆ ಬಿಗಿಹಿಡಿದು, ಗೋಡೆಯ ನಲ್ಲಿಯನ್ನು ಹಿಡಿದುಕೊಂಡು ಕೂರುತ್ತಿದ್ದರು. ತೊಡೆ ಬಿಗಿಯಾದರೆ ಶ್ರೋಣಿತಳ ಹೇಗೆ ಸಡಿಲವಾದೀತು? ಮಗಳು ಸ್ನಾನಕ್ಕೆ ಕೂರುವ ಗಿಡ್ಡ ಪ್ಲಾಸ್ಟಿಕ್ ಸ್ಟೂಲನ್ನು ಕಾಲ ಕೆಳಗೆ ಇಟ್ಟುಕೊಟ್ಟ ಮೇಲೆ ಅವರು ತಿಣುಕುವುದು ಕಡಿಮೆಯಾಯಿತು.

ಮಾಡಬೇಕಾದ್ದು ಇಷ್ಟು. ಸುಮಾರು 18ರಿಂದ 23 ಸೆಂಟಿಮೀಟರ್ ಎತ್ತರದ, ಜಾರದ ಸ್ಟೂಲನ್ನು ಕಮೋಡ್ ಮುಂದಿಟ್ಟು ಎರಡೂ ಪಾದಗಳನ್ನು ಪೂರ್ತಿಯಾಗಿ, ಹಿಮ್ಮಡಿ ಸಹಿತ ಅದರ ಮೇಲೆ ಊರಿ. ಮಂಡಿಗಳು ಸೊಂಟಕ್ಕಿಂತ ಮೇಲಿರಲಿ, ಸ್ವಲ್ಪ ಅಗಲವಾಗಿರಲಿ. ಮುಂದಕ್ಕೆ ಬಾಗಿ ಮೊಣಕೈಗಳನ್ನು ತೊಡೆಯ ಮೇಲಿಟ್ಟು, ಉಸಿರು ಬಿಗಿಹಿಡಿಯದೆ ನಿಧಾನವಾಗಿ ಬಿಡುತ್ತಾ ಹೊಟ್ಟೆಯನ್ನು ಸಡಿಲಗೊಳಿಸಿ. ಊಟದ ಮಣೆ ಗಿಡ್ಡವಾದ್ದರಿಂದ ಒಂದೇ ಸಾಲದು. ಒಂದರ ಮೇಲೊಂದು ಪೇರಿಸಿದರೆ ಜಾರುವ ಅಪಾಯವಿದೆ, ಬೇಡ. ಸೊಂಟದ ಅಥವಾ ಮಂಡಿಯ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳಿಯೇ ಹೀಗೆ ಕೂರಬೇಕು. ಸೊಪ್ಪು, ಕಾಳು, ರಾಗಿ, ಹಣ್ಣು ಮತ್ತು ಸಾಕಷ್ಟು ನೀರಿಲ್ಲದೆ ಸ್ಟೂಲ್ ಒಂದೇ ಏನೂ ಮಾಡಲಾರದು.

ಮೂತ್ರಕ್ಕೆ ಹೋದಾಗ ಇನ್ನೊಂದು ಅಭ್ಯಾಸವನ್ನು ಬಿಡಬೇಕು. ಬಸ್ ನಿಲ್ದಾಣದ ಅಥವಾ ಕಚೇರಿಯ ಕಮೋಡ್ ಗಲೀಜಾಗಿದೆಯೆಂದು ಅದಕ್ಕೆ ತಾಗದಂತೆ ಅರ್ಧ ಕೂತು ಅರ್ಧ ನಿಂತ ಭಂಗಿಯಲ್ಲಿ ಮೂತ್ರ ಮಾಡುವವರು ಬಹಳ. ಆಗ ಶರೀರದ ಭಾರವೆಲ್ಲ ಪಾದದ ಮುಂಭಾಗ ಮತ್ತು ತೊಡೆಗಳ ಮೇಲೆ ಬಿದ್ದು, ಸಡಿಲವಾಗಬೇಕಾದ ಸ್ನಾಯುಗಳು ಬಿಗಿಯಾಗಿಯೇ ಉಳಿಯುತ್ತವೆ. ಬ್ರಿಟನ್ನಿನಲ್ಲಿ 1991ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೀಗೆ ಅರ್ಧ ಕೂತಾಗ ಮೂತ್ರದ ಹರಿವು ಶೇ 21ರಷ್ಟು ಕಡಿಮೆಯಾಗಿ, ಮೂತ್ರಕೋಶದಲ್ಲಿ ಉಳಿಯುವ ಮೂತ್ರದ ಪ್ರಮಾಣ ಹೆಚ್ಚಾದದ್ದು ಕಂಡುಬಂದಿತ್ತು. ನೆಲಮಟ್ಟದ ಶೌಚಾಲಯ ಇದ್ದರೆ ಅದನ್ನೇ ಆರಿಸಿಕೊಂಡು ಹಿಮ್ಮಡಿ ಊರಿ ಪೂರ್ತಿ ಕೂರಿ. ಇಲ್ಲವಾದರೆ ಸೀಟನ್ನು ಒರೆಸಿ, ಕಾಗದ ಹಾಸಿ ಕೂರುವುದೇ ಮೇಲು. ಚೊಕ್ಕ ಶೌಚಾಲಯ ಒದಗಿಸುವುದು ಆಡಳಿತದ ಹೊಣೆ ಎಂಬುದನ್ನೂ ಇಲ್ಲಿ ಹೇಳದೆ ಇರಲಾರೆ. ಹೆಂಗಸರ ಮೂತ್ರಕೋಶ ಆ ಬೇಜವಾಬ್ದಾರಿಯ ಬೆಲೆ ತೆರುತ್ತಿದೆ.

ಮೂರನೆಯ ಹೆಜ್ಜೆ: ಸ್ನಾಯುವನ್ನು ಗುರುತಿಸಿ, ಪಾದ ಊರಿ ವ್ಯಾಯಾಮ ಮಾಡಿ

ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಲ್ಡ್ ಕೆಗೆಲ್ 1948ರಲ್ಲಿ ವಿವರಿಸಿದ ವ್ಯಾಯಾಮವೇ ಇಂದಿಗೂ ಈ ಚಿಕಿತ್ಸೆಯ ತಿರುಳು. ಗುದದ್ವಾರದಿಂದ ಗಾಳಿ ಹೋಗದಂತೆ ತಡೆಯುವಾಗ ಮತ್ತು ಮೂತ್ರವನ್ನು ಹಿಡಿದುಕೊಳ್ಳುವಾಗ ಯಾವ ಸ್ನಾಯುಗಳು ಒಳಕ್ಕೂ ಮೇಲಕ್ಕೂ ಸೆಳೆದುಕೊಳ್ಳುತ್ತವೆಯೋ ಅವುಗಳನ್ನು ಬಿಗಿಮಾಡಬೇಕು. ಪೃಷ್ಠ, ತೊಡೆ, ಹೊಟ್ಟೆ ಬಿಗಿಯಾಗಬಾರದು, ಉಸಿರು ನಿಲ್ಲಬಾರದು. ನಿಜವಾಗಿ ಮೂತ್ರ ಮಾಡುತ್ತಿರುವಾಗ ನಡುವೆ ತಡೆದು ಅಭ್ಯಾಸ ಮಾಡುವುದು ತಪ್ಪು, ಅದರಿಂದ ಮೂತ್ರಕೋಶ ಪೂರ್ತಿ ಖಾಲಿಯಾಗದೆ ಹೋಗಬಹುದು.

ಮೊದಲ ವಾರ ಮಲಗಿ ಮಾಡಿ, ಆಗ ಮೇಲಿನ ಅಂಗಗಳ ಭಾರ ಇರುವುದಿಲ್ಲ. ಆಮೇಲೆ ಕುರ್ಚಿಯಲ್ಲಿ ಕೂತು ಮಾಡಿ: ಎರಡೂ ಪಾದಗಳು ನೆಲಕ್ಕೆ ಪೂರ್ತಿ ತಾಗಿರಲಿ, ಸೊಂಟದಷ್ಟು ಅಗಲಕ್ಕಿರಲಿ, ಬೆರಳುಗಳು ನೇರ ಮುಂದಕ್ಕೆ ನೋಡುತ್ತಿರಲಿ. ಸ್ನಾಯು ಬಿಗಿಯಾಗುವುದು ಸರಿಯಾಗಿ ತಿಳಿಯದಿದ್ದರೆ ಹಿಮ್ಮಡಿಯನ್ನು ಊರಿಯೇ ಪಾದದ ಮುಂಭಾಗವನ್ನು ಮೇಲಕ್ಕೆ ಎತ್ತಿಹಿಡಿದು ಇನ್ನೊಮ್ಮೆ ಬಿಗಿಮಾಡಿ ನೋಡಿ. ತೈವಾನಿನ ಅಳತೆಗಳ ಉಪಯೋಗ ನಮಗೆ ಇಲ್ಲಿದೆ. ಕೆಲವರಿಗೆ ಈ ಭಂಗಿಯಲ್ಲಿ ಒಳಗಿನ ಸೆಳೆತ ಸ್ಪಷ್ಟವಾಗಿ ಅನುಭವಕ್ಕೆ ಬರುತ್ತದೆ. ಕೊನೆಗೆ ನಿಂತು ಮಾಡಿ, ಏಕೆಂದರೆ ಮೂತ್ರ ಸೋರುವುದು ಹೆಚ್ಚಾಗಿ ನಿಂತಾಗ, ನಡೆದಾಗ. ಅಡುಗೆಮನೆಯ ಕಟ್ಟೆಯನ್ನು ಹಿಡಿದುಕೊಂಡು, ಬರಿಗಾಲಿನಲ್ಲಿ ಅಥವಾ ಸಮತಟ್ಟಾದ ಚಪ್ಪಲಿಯಲ್ಲಿ ನಿಂತು, ಭಾರವನ್ನು ಹಿಮ್ಮಡಿ, ಹೆಬ್ಬೆರಳ ಬುಡ ಮತ್ತು ಕಿರುಬೆರಳ ಬುಡಗಳ ಮೇಲೆ ಸಮನಾಗಿ ಹಂಚಿ. ಬಯಸಿದರೆ ಪಾದದ ಮುಂಭಾಗದ ಕೆಳಗೆ ಎರಡು ಸೆಂಟಿಮೀಟರ್ ದಪ್ಪದ ಗಟ್ಟಿ ಪುಸ್ತಕ ಇಟ್ಟುಕೊಳ್ಳಬಹುದು. ಮೀನಖಂಡ ಎಳೆದು ನೋವಾದರೆ ತೆಗೆದುಬಿಡಿ.

ಪ್ರತಿಸಲ ಮೂರರಿಂದ ಐದು ಸೆಕೆಂಡ್ ಬಿಗಿಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲಬಿಡಿ. ವಾರಗಳು ಕಳೆದಂತೆ ಹತ್ತು ಸೆಕೆಂಡಿಗೆ ಏರಿಸಿ. ಬ್ರಿಟನ್ನಿನ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಕನಿಷ್ಠ 8 ಸಲ ಬಿಗಿಮಾಡುವ ಸುತ್ತನ್ನು ದಿನಕ್ಕೆ 3 ಬಾರಿ, ಕನಿಷ್ಠ 3 ತಿಂಗಳು, ತಿಳಿದವರ ಮೇಲ್ವಿಚಾರಣೆಯಲ್ಲಿ ಮಾಡಬೇಕು. ಎರಡು ವಾರ ಮಾಡಿ ‘ಏನೂ ಆಗಲಿಲ್ಲ’ ಎಂದು ಬಿಟ್ಟುಬಿಡುವವರೇ ಹೆಚ್ಚು. ಸ್ನಾಯು ಬಲವಾಗಲು ತಿಂಗಳುಗಳೇ ಬೇಕು. ಆದರೆ ಮೂತ್ರ ಶುರುವಾಗಲು ತಡವಾಗುವುದು, ಲೈಂಗಿಕ ಸಂಪರ್ಕದಲ್ಲಿ ನೋವು, ಕಿಬ್ಬೊಟ್ಟೆಯಲ್ಲಿ ಸದಾ ಬಿಗಿತ ಇರುವವರಿಗೆ ಸ್ನಾಯು ದುರ್ಬಲವಾಗಿರುವ ಬದಲು ಅತಿ ಬಿಗಿಯಾಗಿರಬಹುದು. ಅಂಥವರು ಈ ಹೆಜ್ಜೆಯನ್ನು ತಾವಾಗಿ ಶುರುಮಾಡದೆ ಮೊದಲು ಫಿಸಿಯೋಥೆರಪಿಸ್ಟರನ್ನು ಕಾಣಬೇಕು.

ನಾಲ್ಕನೆಯ ಹೆಜ್ಜೆ: ಕೆಮ್ಮುವ ಮುನ್ನ ಬಿಗಿಮಾಡಿ

ಕೆಮ್ಮು ಅಥವಾ ಸೀನು ಬರುವ ಸೂಚನೆ ಸಿಕ್ಕಿದೊಡನೆ ಪಾದಗಳನ್ನು ಗಟ್ಟಿಯಾಗಿ ಊರಿ, ಶ್ರೋಣಿತಳವನ್ನು ಬಿಗಿಮಾಡಿ, ಆಮೇಲೆ ಕೆಮ್ಮಿ. ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 1998ರಲ್ಲಿ ತೋರಿಸಿದಂತೆ, ಈ ಸಮಯಪ್ರಜ್ಞೆಯನ್ನು ಒಂದೇ ವಾರ ಕಲಿತ ಮಹಿಳೆಯರಲ್ಲೂ ಕೆಮ್ಮಿದಾಗಿನ ಸೋರಿಕೆ ಗಣನೀಯವಾಗಿ ತಗ್ಗಿತು. ಸ್ನಾಯುವಿನ ಬಲ ಹೆಚ್ಚುವ ಮೊದಲೇ ಫಲ ಕೊಡುವುದರಿಂದ ಇದು ನನಗೆ ಅತ್ಯಂತ ಇಷ್ಟವಾದ ಹೆಜ್ಜೆ. ಗ್ಯಾಸ್ ಸಿಲಿಂಡರ್ ಸರಿಸುವಾಗ, ಮಗುವನ್ನು ಎತ್ತಿಕೊಳ್ಳುವಾಗ, ಬಸ್ಸಿನಿಂದ ಇಳಿಯುವಾಗಲೂ ಇದನ್ನೇ ಮಾಡಬೇಕು. ಬಸ್ಸಿನ ಮೆಟ್ಟಿಲಿನಿಂದ ಇಳಿಯುವಾಗ ಹಿಮ್ಮಡಿ ದಡಕ್ಕನೆ ಬೀಳದಂತೆ, ಕಂಬಿ ಹಿಡಿದುಕೊಂಡು, ಮಂಡಿ ಬಾಗಿಸಿ, ಪಾದದ ಮುಂಭಾಗ ಮೊದಲು ತಾಗುವಂತೆ ಇಳಿಯಿರಿ.

ಐದನೆಯ ಹೆಜ್ಜೆ: ಚಪ್ಪಲಿ ನೋಡಿಕೊಳ್ಳಿ

ಓಡುವಾಗ ಪ್ರತಿ ಹೆಜ್ಜೆಗೂ ನೆಲದಿಂದ ಶರೀರದ ತೂಕದ ಎರಡರಿಂದ ಮೂರು ಪಟ್ಟು ಬಲ ಕಾಲಿನ ಮೂಲಕ ಮೇಲೇರುತ್ತದೆ. ಆ ಹೊಡೆತವನ್ನು ಮೊದಲು ಕುಗ್ಗಿಸಬೇಕಾದ್ದು ಪಾದದ ಕಮಾನು. ಅಮೆರಿಕದಲ್ಲಿ ಇನ್ನೂ ಹೆರಿಗೆಯಾಗದ ಕಾಲೇಜು ಕ್ರೀಡಾಪಟುಗಳ ಮೇಲೆ ನಡೆದು 1996ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪಾದದ ಕಮಾನು ಕಡಿಮೆ ಬಳುಕುವವರಲ್ಲಿ ಮೂತ್ರ ಸೋರಿಕೆ ಹೆಚ್ಚಾಗಿತ್ತು. ಹೊಡೆತ ಪಾದದಲ್ಲೇ ತಗ್ಗದಿದ್ದರೆ ಶ್ರೋಣಿತಳಕ್ಕೆ ತಲುಪುತ್ತದೆ ಎಂಬುದು ಅದರಿಂದ ಮೂಡಿದ ಊಹೆ. ಊಹೆಯೇ ಆದರೂ, ವೇಗದ ನಡಿಗೆ, ಓಟ, ಜುಂಬಾ ಮಾಡುವವರು ಮೆತ್ತನೆಯ ಅಡಿ ಇರುವ, ಹಿಮ್ಮಡಿಯನ್ನು ಹಿಡಿದುಕೊಳ್ಳುವ ಶೂ ಹಾಕಿಕೊಳ್ಳುವುದರಿಂದ ನಷ್ಟವೇನೂ ಇಲ್ಲ.

ದಿನಬಳಕೆಗೆ ಹಿಮ್ಮಡಿ ಎರಡು, ಮೂರು ಸೆಂಟಿಮೀಟರಿಗಿಂತ ಎತ್ತರವಿಲ್ಲದ, ಹಿಂದೆ ಪಟ್ಟಿ ಇರುವ, ಬೆರಳುಗಳು ಹರಡಿಕೊಳ್ಳಲು ಜಾಗವಿರುವ ಸ್ಯಾಂಡಲ್ ಸಾಕು. ಸವೆದ ಹವಾಯಿ ಚಪ್ಪಲಿ ಕಳಚಿಹೋಗದಂತೆ ಬೆರಳುಗಳಿಂದ ಬಿಗಿಹಿಡಿದು ನಡೆಯಬೇಕಾಗುತ್ತದೆ, ಹೆಜ್ಜೆ ಚಿಕ್ಕದಾಗುತ್ತದೆ. ಗ್ರಾನೈಟ್ ನೆಲದ ಅಡುಗೆಮನೆಯಲ್ಲಿ ಗಂಟೆಗಟ್ಟಲೆ ನಿಲ್ಲುವವರಿಗೆ ಎಂಸಿಆರ್ (ಮೈಕ್ರೊಸೆಲ್ಯುಲರ್ ರಬ್ಬರ್) ಚಪ್ಪಲಿಯಂಥ ಮೃದುವಾದದ್ದು ಹಿತ. ಬಾಣಂತಿಯರು ಹಳೆಯ ಚಪ್ಪಲಿಯನ್ನೇ ಹಾಕಿಕೊಳ್ಳುವ ಮುನ್ನ ಪಾದದ ಅಳತೆಯನ್ನು ಮತ್ತೆ ನೋಡಿಕೊಳ್ಳಬೇಕು, ಏಕೆಂದರೆ ಗರ್ಭಾವಸ್ಥೆಯಲ್ಲಿ ಪಾದದ ಕಮಾನು ತಗ್ಗಿ ಪಾದ ಉದ್ದವಾಗಬಹುದು, ಕೆಲವರಲ್ಲಿ ಅದು ಹಾಗೆಯೇ ಉಳಿಯುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದವರು ಬರಿಗಾಲಿನ ಅಭ್ಯಾಸ ಮಾಡಲೇಬಾರದು.

ಆರನೆಯ ಹೆಜ್ಜೆ: ಅವಸರವಾದಾಗ ಓಡಬೇಡಿ

ಅವಸರದ ಸೋರಿಕೆ ಇರುವವರು ಮೂತ್ರ ಬಂದ ತಕ್ಷಣ ಓಡುತ್ತಾರೆ, ಓಡಿದಷ್ಟೂ ಅವಸರ ಹೆಚ್ಚುತ್ತದೆ. ಬದಲಿಗೆ ಇದ್ದಲ್ಲೇ ನಿಲ್ಲಿ ಅಥವಾ ಕೂರಿ. ಶ್ರೋಣಿತಳವನ್ನು ಐದಾರು ಸಲ ಚುರುಕಾಗಿ ಬಿಗಿಮಾಡಿ ಬಿಡಿ. ಅದರ ಜೊತೆಗೆ ಪಾದದ ಬೆರಳುಗಳನ್ನು ಮಡಿಚಿ ಬಿಡಿಸುವುದು ಅಥವಾ ಏನನ್ನಾದರೂ ಹಿಡಿದುಕೊಂಡು ಹಿಮ್ಮಡಿಗಳನ್ನು ನಿಧಾನವಾಗಿ ಎತ್ತಿ ಇಳಿಸುವುದನ್ನು ಫಿಸಿಯೋಥೆರಪಿಸ್ಟರು ಹೇಳಿಕೊಡುತ್ತಾರೆ. ಮೇಲೆ ಹೇಳಿದ ನರದ ನಂಟೇ ಇದರ ಹಿಂದಿನ ತರ್ಕ. ಅವಸರದ ಅಲೆ ಇಳಿದ ಮೇಲೆ ನಡೆದುಕೊಂಡು ಹೋಗಿ. ಮೂತ್ರದ ನಡುವಿನ ಅಂತರವನ್ನು ಹೀಗೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸುವ ಅಭ್ಯಾಸವನ್ನು ಕನಿಷ್ಠ 6 ವಾರ ಮಾಡಬೇಕು. ತಣ್ಣನೆಯ ನೆಲಕ್ಕೆ ಬರಿಗಾಲಿಟ್ಟೊಡನೆ ಅವಸರವಾಗುವವರು ಮನೆಯೊಳಗೂ ಚಪ್ಪಲಿ ಹಾಕಿಕೊಳ್ಳಲಿ. ರಾತ್ರಿ ಎದ್ದು ಹೋಗುವ ಹಿರಿಯರು ಒದ್ದೆ ಬಚ್ಚಲಿನಲ್ಲಿ ಜಾರಿ ಮೂಳೆ ಮುರಿದುಕೊಳ್ಳುವುದು ಸೋರಿಕೆಗಿಂತ ದೊಡ್ಡ ಅನಾಹುತ. ಅವರಿಗೆ ಅಡಿ ಸವೆಯದ ಚಪ್ಪಲಿಯೂ ದಾರಿಯಲ್ಲೊಂದು ಸಣ್ಣ ದೀಪವೂ ಬೇಕು.

ಯಾರನ್ನು, ಯಾವಾಗ ಕಾಣಬೇಕು?

ಮೂತ್ರದಲ್ಲಿ ರಕ್ತ, ಉರಿ, ಜ್ವರ, ಯೋನಿಯಲ್ಲಿ ಏನೋ ಜಾರಿ ಹೊರಬಂದಂಥ ಅನುಭವ, ಮಲದ ಮೇಲೂ ಹಿಡಿತ ತಪ್ಪುವುದು ಇವುಗಳಲ್ಲಿ ಯಾವುದಿದ್ದರೂ ವ್ಯಾಯಾಮ ಮಾಡುತ್ತಾ ಕಾಯದೆ ವೈದ್ಯರನ್ನು ಕಾಣಬೇಕು. ಬೆನ್ನುನೋವಿನ ಜೊತೆಗೆ ಕಾಲುಗಳು ಸೋತು, ತೊಡೆಗಳ ನಡುವೆ ಮರಗಟ್ಟಿ, ಮೂತ್ರ ಕಟ್ಟಿಕೊಂಡರೆ ಅಥವಾ ಇದ್ದಕ್ಕಿದ್ದಂತೆ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯ ನಂತರ ಸೋರಿಕೆ ಇರುವ ಗಂಡಸರಿಗೂ ಶ್ರೋಣಿತಳದ ವ್ಯಾಯಾಮವನ್ನು ಹೇಳಿಕೊಡುತ್ತಾರೆ, ಅವರೂ ಸಂಕೋಚ ಬಿಟ್ಟು ಕೇಳಬೇಕು.

ಮೂರು ತಿಂಗಳ ಅಭ್ಯಾಸದಿಂದಲೂ ಬದಲಾವಣೆ ಕಾಣದಿದ್ದರೆ ಸ್ತ್ರೀರೋಗ ತಜ್ಞರನ್ನೋ ಮೂತ್ರರೋಗ ತಜ್ಞರನ್ನೋ ಕಂಡು, ಈ ಸ್ನಾಯುಗಳ ತರಬೇತಿ ಇರುವ ಫಿಸಿಯೋಥೆರಪಿಸ್ಟರ ಬಳಿಗೆ ಕಳುಹಿಸುವಂತೆ ಕೇಳಿ. ಸ್ನಾಯು ಸರಿಯಾಗಿ ಬಿಗಿಯಾಗುತ್ತಿದೆಯೇ ಎಂಬುದನ್ನು ಅವರು ಪರೀಕ್ಷಿಸಿ ಹೇಳಬಲ್ಲರು. ಹೋಗುವಾಗ ಮೂರು ದಿನದ ಆ ಬರಹವನ್ನು ತೆಗೆದುಕೊಂಡು, ಹೊಸ ಚಪ್ಪಲಿ ಬಿಟ್ಟು, ದಿನವೂ ಹಾಕುವ ಚಪ್ಪಲಿಯನ್ನೇ ಹಾಕಿಕೊಂಡು ಹೋಗಿ: ಅದರ ಅಡಿ ಯಾವ ಬದಿಗೆ ಸವೆದಿದೆ ಎಂಬುದನ್ನು ನೋಡಿದರೆ ನೀವು ಹೇಗೆ ನಡೆಯುತ್ತೀರಿ ಎಂಬುದರ ಅಂದಾಜು ಅವರಿಗೆ ಸಿಗುತ್ತದೆ.